ಅಕ್ಕ ಕೊಡವಿದ ಸೆರಗು

"ಗುರುಗಳೇ, ಪತ್ತೇದಾರಿ ಕತೆ ಓದಿ ಖುಷಿಪಡುವುದು ತಪ್ಪೇ?" ಎಂದು ಶಿಷ್ಯ ನಿಜಗುಣ ಕೇಳಿದ. ಓದುತ್ತಿದ್ದ ಪುಸ್ತಕ ಇನ್ನೂ ಅವನ ಕೈಯಲ್ಲೇ ಇತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನಿಗೆ ಪತ್ತೇದಾರಿ ಕತೆಯೆಂದರೆ ಪ್ರಾಣ. ಪುಸ್ತಕ ಹಿಡಿದು ಕೂತರೆ ಎದುರಿಗೆ ಬಂದು ನಿಂತ ಗಿರಾಕಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಓದಿ ಓದಿ ಅವನಿಗೊಂದು ಗುಟ್ಟು ಹೊಳೆದಿತ್ತು: ಯಾರ ಮೇಲೆ ಎಳ್ಳಷ್ಟೂ ಅನುಮಾನ ಬರುವುದಿಲ್ಲವೋ, ಕೊನೆಗೆ ಅವರೇ ಕಳ್ಳರು. ಅರ್ಧ ಕತೆಗೇ ಕಳ್ಳನನ್ನು ಹಿಡಿದು ಮೀಸೆ ತಿರುವುತ್ತಿದ್ದ. ಅಲ್ಲಿಯವರೆಗೆ ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ಒಂದು ದಿನ ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆದು ಬರುವಷ್ಟರಲ್ಲಿ ಅವನ ಹೆಂಡತಿಯ ಮೂಗುತಿ ಕಾಣೆಯಾಯಿತು. ಎಲ್ಲೋ ಬಿದ್ದಿರಬೇಕು, ಹುಡುಕೋಣ ಎಂದಳು ಅವಳು. ವ್ಯಾಪಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳಲು ನಾಚಿಕೆ, ಅವನಿಗೆ ಒಳಗೊಳಗೇ ಸಂತೋಷವಾಗಿತ್ತು. ಮನೆಯಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲದವರು ಯಾರು ಎಂದು ಯೋಚಿಸಿದ. ಅವನ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಗಂಡ ತೀರಿಕೊಂಡಾಗಿನಿಂದ ಅವಳು ತಮ್ಮನ ಮನೆಯಲ್ಲೇ ಇದ್ದಳು.

ಕತೆಗಳಲ್ಲಿ ಮಾಡುವಂತೆ ಮನೆಯವರನ್ನೆಲ್ಲ ನಡುಮನೆಯಲ್ಲಿ ಕೂರಿಸಿದ. ಹೆಂಡತಿಯ ನಂತರ ಬಚ್ಚಲಿಗೆ ಮೊದಲು ಹೋದವರು ಯಾರು, ಈಗ ಯಾರ ಕೈ ನಡುಗುತ್ತಿದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿ, ಕೊನೆಗೆ ಬೆರಳು ತೋರಿಸಿದ. "ಅಕ್ಕಾ, ತೆಗೆದವಳು ನೀನೇ."

ಅಕ್ಕ ಅವನ ಮುಖವನ್ನೇ ನೋಡಿದಳು. "ನನ್ನ ಕೈ ನಡುಗೋಕೆ ಶುರುವಾಗಿ ವರ್ಷಾನೇ ಆಯ್ತಲ್ಲೋ ತಮ್ಮಾ. ನೀನು ಇವತ್ತು ನೋಡಿದೆಯಾ?" ಎಂದಳು.

ಮರುದಿನ ಮೂಗುತಿ ಸಿಕ್ಕಿತು. ಹೆಂಡತಿ ಮುಖ ಒರೆಸಿಕೊಂಡ ಟವೆಲ್ಲಿನ ನೂಲಿಗೇ ಅದು ಸಿಕ್ಕಿಕೊಂಡಿತ್ತು. ವ್ಯಾಪಾರಿ ಅಕ್ಕನ ಕಾಲು ಹಿಡಿದು ಅತ್ತ. ಅವಳು ಬೈಯಲಿಲ್ಲ, ಮನೆ ಬಿಟ್ಟೂ ಹೋಗಲಿಲ್ಲ. ಆದರೆ ಅಂದಿನಿಂದ ಯಾವ ಕೋಣೆಯಿಂದ ಹೊರಬಂದರೂ ಬಾಗಿಲಲ್ಲಿ ನಿಂತು, ಸೆರಗು ಬಿಚ್ಚಿ ಕೊಡವಿ, ಬರಿಗೈ ತೋರಿಸಿ ಮುಂದೆ ಹೋಗುತ್ತಿದ್ದಳು. "ಬೇಡಕ್ಕಾ" ಎಂದು ಅವನು ಎಷ್ಟು ಅಂಗಲಾಚಿದರೂ ನಿಲ್ಲಿಸಲಿಲ್ಲ. ಸಾಯುವ ದಿನವೂ ಮಲಗಿದಲ್ಲೇ ಸೆರಗಿಗಾಗಿ ತಡಕಾಡಿದಳು. ವ್ಯಾಪಾರಿ ಆ ಕೈ ಹಿಡಿದುಕೊಳ್ಳಲು ಹೋದ. ಅವಳು ಮೊದಲು ಅಂಗೈ ಬಿಡಿಸಿ ತೋರಿಸಿದಳು.

ನಿಜಗುಣ ಕೈಯಲ್ಲಿದ್ದ ಪುಸ್ತಕ ಮುಚ್ಚಿದ. ಆಮೇಲೆ, "ಹಾಗಾದರೆ ಇದನ್ನು ಓದಬಾರದೇ, ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

"ಓದಪ್ಪ, ಕತೆಯಲ್ಲಿ ಕಳ್ಳನೊಬ್ಬ ಇರಲೇಬೇಕು, ಮನೆಯಲ್ಲಿ ಇರಲೇಬೇಕೆಂದೇನಿಲ್ಲ" ಎಂದರು ಗುರುಗಳು.