ಮಗುಚಿದ ಬಿಲ್ಲೆ

"ಬುದ್ಧಿ, ನಿನ್ನೆ ಟಿ.ವಿ.ಯಲ್ಲಿ ನಡೆದ ಚರ್ಚೆಯಲ್ಲಿ ಗೆದ್ದವರು ಯಾರು?" ಎಂದು ಶಿಷ್ಯ ಸಿದ್ಧಮಲ್ಲ ಗುರುಗಳನ್ನು ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಚರ್ಚೆಯನ್ನು ಅವರೂ ಹಿಂದಿನ ಸಾಲಿನಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದ್ದರು. ದೂರದ ಕೆಲವು ದೇಶಗಳು ತಮ್ಮ ತಮ್ಮ ನಾಣ್ಯಗಳನ್ನು ಬಿಟ್ಟು ಎಲ್ಲರಿಗೂ ಸೇರಿ ಒಂದೇ ನಾಣ್ಯ ಇಟ್ಟುಕೊಂಡಿದ್ದವು. ಅವುಗಳಲ್ಲಿ ಒಂದು ದೇಶದ ಕೈ ಬರಿದಾಗಿತ್ತು. ಅದನ್ನು ಎತ್ತಿ ಹಿಡಿಯಬೇಕೋ ಹೊರಗೆ ಹಾಕಬೇಕೋ ಎಂಬುದು ಚರ್ಚೆ. ಆರು ಜನ ಆರು ಚೌಕಗಳಲ್ಲಿ ಕೂತು ಒಟ್ಟಿಗೆ ಮಾತಾಡಿದರು. ಅವರನ್ನು ಸುಮ್ಮನಿರಿಸಬೇಕಾದವನು ಅವರಿಗಿಂತ ಜೋರಾಗಿ ಕೂಗಿದ.

ನೋಡುತ್ತಿದ್ದ ಶಿಷ್ಯರಲ್ಲೂ ಎರಡು ಪಕ್ಷವಾಯಿತು. ಹೊರಗೆ ಹಾಕಬೇಕು ಎನ್ನುವವರಿಗೆ ಸಿದ್ಧಮಲ್ಲ ಮುಖಂಡ. ಎತ್ತಿ ಹಿಡಿಯಬೇಕು ಎನ್ನುವವರಿಗೆ ಅವನ ಜೊತೆಗಾರ ಪರ್ವತಯ್ಯ. ಆ ದೇಶ ಭೂಪಟದಲ್ಲಿ ಎಲ್ಲಿದೆ ಎಂದು ಕೇಳಿದ್ದರೆ ಇಬ್ಬರೂ ತಡಬಡಾಯಿಸುತ್ತಿದ್ದರು.

"ನಿನ್ನ ಪ್ರಕಾರ ಯಾರು ಗೆದ್ದರು?" ಎಂದು ಗುರುಗಳು ಕೇಳಿದರು.

"ನಮ್ಮ ಕಡೆಯವರೇ, ಬುದ್ಧಿ. ಪರ್ವತಯ್ಯ ಒಪ್ಪುತ್ತಿಲ್ಲ."

ಗುರುಗಳು ಹೊಸೆದ ಬತ್ತಿಯನ್ನು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಹತ್ತಿ ತೆಗೆದುಕೊಂಡರು. ಹೊಸೆಯುತ್ತಲೇ ಈ ಕತೆ ಹೇಳಿದರು.

ಮೂರು ಊರುಗಳಿದ್ದವು. ಒಂದರಲ್ಲಿ ಎಣ್ಣೆ ತೆಗೆಯುತ್ತಿದ್ದರು, ಒಂದರಲ್ಲಿ ಉಪ್ಪು ಬೆಳೆಯುತ್ತಿದ್ದರು, ಒಂದರಲ್ಲಿ ದನ ಸಾಕುತ್ತಿದ್ದರು. ಜನ ಅವನ್ನು ಎಣ್ಣೆಯೂರು, ಉಪ್ಪಿನೂರು, ದನದೂರು ಎಂದೇ ಕರೆಯುತ್ತಿದ್ದರು. ಮೂರೂ ಊರಿಗೆ ಸೇರಿ ವಾರಕ್ಕೊಂದು ಸಂತೆ.

ಮೊದಲು ಸಂತೆಯಲ್ಲಿ ವಸ್ತುವಿಗೆ ವಸ್ತು ಕೊಡುತ್ತಿದ್ದರು. ಅದರಿಂದ ಬಹಳ ತೊಂದರೆಯಾಗುತ್ತಿತ್ತು. ಎತ್ತು ಬೇಕಾದವನು ಎಣ್ಣೆಯ ಗಡಿಗೆಗಳನ್ನು ಹೊತ್ತುಕೊಂಡು ಬರಬೇಕು. ಎತ್ತಿನವನಿಗೆ ಆ ದಿನ ಎಣ್ಣೆ ಬೇಡವಾದರೆ ಹೊತ್ತದ್ದು ದಂಡ. ಆದ್ದರಿಂದ ಮೂರೂ ಊರಿನ ಹಿರಿಯರು ಸೇರಿ ತಾಮ್ರದ ಬಿಲ್ಲೆಗಳನ್ನು ಮಾಡಿಸಿದರು. ಬಿಲ್ಲೆಯ ಒಂದು ಮುಖದಲ್ಲಿ ದೀಪದ ಚಿತ್ರ. ಅದು ಮೂರೂ ಊರಿಗೆ ಸೇರಿದ್ದು. ಇನ್ನೊಂದು ಮುಖದಲ್ಲಿ ಅದನ್ನು ಹೊಡೆಸಿದ ಊರಿನ ಗುರುತು. ಗಾಣವಿದ್ದರೆ ಎಣ್ಣೆಯೂರಿನದು, ಉಪ್ಪಿನ ರಾಶಿಯಿದ್ದರೆ ಉಪ್ಪಿನೂರಿನದು, ಗೊರಸಿದ್ದರೆ ದನದೂರಿನದು. ಯಾವ ಊರು ಎಷ್ಟು ಹೊಡೆಸಬಹುದು ಎಂಬುದಕ್ಕೆ ಮಿತಿಯಿತ್ತು. ಗುರುತು ಇದ್ದದ್ದು ಆ ಮಿತಿಗಾಗಿ.

ಬಿಲ್ಲೆ ಕೊಡುವುದಕ್ಕೂ ಒಂದು ರೀತಿಯಿತ್ತು. ಕೊಡುವವನು ದೀಪ ಮೇಲಾಗಿ ಕೊಡಬೇಕು. ತೆಗೆದುಕೊಳ್ಳುವವನು ಅಂಗೈ ಚಾಚಿ, ದೀಪವನ್ನು ನೋಡಿ, ಹಾಗೆಯೇ ಒಳಗಿಟ್ಟುಕೊಳ್ಳಬೇಕು. ಮಗುಚಿ ನೋಡಬಾರದು. ಮಗುಚಿ ನೋಡುವುದೆಂದರೆ ಊಟಕ್ಕೆ ಕೂತವನ ತುತ್ತು ಎಣಿಸಿದ ಹಾಗೆ. ಯಾರೂ ಹಾಗೆ ಮಾಡುತ್ತಿರಲಿಲ್ಲ. ಸಂತೆ ಎರಡು ತಲೆಮಾರು ಚೆನ್ನಾಗಿ ನಡೆಯಿತು.

ಒಂದು ವರ್ಷ ಅಕಾಲದಲ್ಲಿ ಮಳೆ ಬಂತು. ಉಪ್ಪಿನೂರಿನ ಉಪ್ಪೆಲ್ಲ ಕರಗಿ ಹೋಯಿತು. ಮಾರಲು ಉಪ್ಪಿಲ್ಲ, ಉಣ್ಣಲು ಕಾಳಿಲ್ಲ. ಆ ಊರಿನ ಮುಖ್ಯಸ್ಥ ಯಾರಿಗೂ ಹೇಳದೆ ಮಿತಿಗಿಂತ ಹೆಚ್ಚು ಬಿಲ್ಲೆ ಹೊಡೆಸಿದ. ಗದ್ದೆಗಳಲ್ಲಿ ಮತ್ತೆ ಉಪ್ಪು ಕಟ್ಟುವ ಹೊತ್ತಿಗೆ, ಆರು ತಿಂಗಳಲ್ಲಿ, ಅದು ಹೊರಗೆ ಬಂತು.

ಸಂತೆಯ ಯಜಮಾನ ಅರಳಿಕಟ್ಟೆಯ ಮೇಲೆ ವಾದ ಏರ್ಪಡಿಸಿದ. ಊರಿಗೊಬ್ಬ ಮಾತುಗಾರ ಬಂದ. ಯಜಮಾನನ ಕೈಯಲ್ಲಿ ಗಂಟೆಯಿತ್ತು. ಮಾತು ಮಿತಿ ಮೀರಿದರೆ ನಿಲ್ಲಿಸಲಿ ಎಂದು ಆ ಗಂಟೆ. ಅವನು ಮಾತು ತಣ್ಣಗಾದಾಗಲೆಲ್ಲ ಅದನ್ನು ಬಾರಿಸುತ್ತಿದ್ದ. ಜಗಳ ಜೋರಾದಷ್ಟು ಜನ ಹೆಚ್ಚು ಸೇರುತ್ತಿದ್ದರು, ಮತ್ತು ಕಟ್ಟೆಯ ಪಕ್ಕದಲ್ಲಿ ಕಡಲೆಪುರಿ ಮಾರುತ್ತಿದ್ದವನು ಅವನ ತಮ್ಮ.

ಎಣ್ಣೆಯೂರಿನವನು ಉಪ್ಪಿನೂರಿನವರನ್ನು ಕಳ್ಳರು ಎಂದ. ಉಪ್ಪಿನೂರಿನವನು ಮಳೆ ನಾವು ಕರೆಸಿದ್ದಲ್ಲ ಎಂದ. ದನದೂರಿನವನು ನಮ್ಮ ಬಿಲ್ಲೆ ನಮಗೆ, ನಿಮ್ಮದು ನಿಮಗೆ ಎಂದ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು. ಅದನ್ನು ಹೆಕ್ಕಿ ತೆಗೆಯುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಜನ ತಮ್ಮೂರಿನವನು ಬಾಯಿ ತೆರೆದಾಗ ಚಪ್ಪಾಳೆ ತಟ್ಟಿದರು, ಬೇರೆಯವರು ತೆರೆದಾಗ ಕೂಗು ಹಾಕಿದರು.

ಅಲ್ಲಿ ಎಣ್ಣೆಯೂರಿನ ಒಬ್ಬ ಗಾಣಿಗನಿದ್ದ. ದುಡಿಮೆಗಾರ, ಅಳತೆಯಲ್ಲಿ ಮೋಸವಿಲ್ಲದವನು. ಅವನ ಗಾಣದ ಎತ್ತಿಗೆ ವಯಸ್ಸಾಗಿತ್ತು. ಹೊಸ ಎತ್ತು ಕೊಳ್ಳಲೆಂದು ಹದಿನೈದು ವರ್ಷದಿಂದ ಒಂದೊಂದೇ ಬಿಲ್ಲೆಯನ್ನು ಮಡಕೆಯಲ್ಲಿ ಹಾಕಿ ಒಲೆಯ ಹಿಂದೆ ಹೂತಿಟ್ಟಿದ್ದ. ಮಿತಿ ಮೀರಿ ಬಿಲ್ಲೆ ಹೊಡೆಸಿದ್ದಾರೆ ಎಂದು ಕೇಳಿದಾಗ ಅವನಿಗೆ ತನ್ನ ಬೆವರಿನ ಬೆಲೆಯನ್ನು ಯಾರೋ ಕದ್ದ ಹಾಗಾಯಿತು. ಅವನು ಗುಂಪಿನ ನಡುವೆ ಎದ್ದು ನಿಂತು ಕೂಗಿದ.

"ಮಗುಚಿ ನೋಡ್ರಪ್ಪಾ! ಇನ್ಮೇಲೆ ಬಿಲ್ಲೆ ಮಗುಚಿ ನೋಡಿ ತಗೊಳ್ಳಿ!"

ಮೂವರು ಮಾತುಗಾರರ ಮಾತಿಗಿಂತ ಈ ಮಾತು ಜನಕ್ಕೆ ಹಿಡಿಸಿತು. ಎಲ್ಲರೂ ಅದನ್ನೇ ಕೂಗಿದರು. ಯಜಮಾನ ಸಂತೋಷದಿಂದ ಗಂಟೆ ಬಾರಿಸಿದ. ಗಾಣಿಗನನ್ನು ಜೀವನದಲ್ಲಿ ಮೊದಲ ಸಲ ಅಷ್ಟು ಜನ ತಿರುಗಿ ನೋಡಿದ್ದರು. ಅವನು ಉಬ್ಬಿ ಹೋದ.

ಅದೇ ಮಧ್ಯಾಹ್ನ ಉಪ್ಪಿನೂರಿನ ಒಬ್ಬ ಹೆಂಗಸು ಅವನ ಅಂಗಡಿಗೆ ಬಂದಳು. ಪ್ರತಿ ಸಂತೆಯಲ್ಲೂ ಉಪ್ಪು ಮಾರಲು ಬರುವವಳು. ದೀಪ ಮೇಲಾಗಿ ಬಿಲ್ಲೆ ಇಟ್ಟಳು.

"ಅಣ್ಣಾ, ಸೊಸೆ ಹೆತ್ತಿದ್ದಾಳೆ. ಮಗೂಗೆ ಹಚ್ಚೋಕೆ ಒಂದು ಪಾವು ಎಣ್ಣೆ ಕೊಡು."

ಸುತ್ತ ಜನ ನೋಡುತ್ತಿದ್ದರು. ಗಾಣಿಗ ಬಿಲ್ಲೆ ಮಗುಚಿದ. ಉಪ್ಪಿನ ರಾಶಿ ಕಂಡಿತು.

"ಇದು ನಿಮ್ಮೂರ ಬಿಲ್ಲೆ ಕಣಮ್ಮ. ನಡೆಯಲ್ಲ."

"ಹೋದ ವಾರ ನಡೀತಲ್ಲಣ್ಣಾ?"

"ಹೋದ ವಾರ ನಾನು ಮಗುಚಿರಲಿಲ್ಲ."

ಅವಳು ಬಿಲ್ಲೆಯನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟು ಹೋದಳು. ಗಾಣಿಗನಿಗೆ ಒಂದು ಗಳಿಗೆ ಕೆಡುಕೆನಿಸಿತು. ಪಕ್ಕದ ಅಂಗಡಿಯವನು "ಸರಿಯಾಗಿ ಹೇಳಿದೆ ಬಿಡು" ಎಂದ. ಕೆಡುಕೆನಿಸಿದ್ದು ಅಲ್ಲಿಗೆ ಮುಗಿಯಿತು.

ವಾರ ಕಳೆಯುವುದರೊಳಗೆ ಅವನ ಎತ್ತು ಗಾಣದ ಸುತ್ತಿನಲ್ಲೇ ಕಾಲು ಮಡಿಸಿ ಮಲಗಿತು. ಮತ್ತೆ ಏಳಲಿಲ್ಲ. ಗಾಣಿಗ ಒಲೆಯ ಹಿಂದಿನ ಮಡಕೆ ತೆಗೆದು, ಬಟ್ಟೆಯಲ್ಲಿ ಸುತ್ತಿಕೊಂಡು ಸಂತೆಗೆ ಹೋದ. ದನದೂರಿನ ವ್ಯಾಪಾರಿಯ ಹತ್ತಿರ ಗಟ್ಟಿಮುಟ್ಟಾದ ಎತ್ತೊಂದಿತ್ತು. ಅರವತ್ತು ಬಿಲ್ಲೆಗೆ ವ್ಯಾಪಾರ ಕುದುರಿತು. ಗಾಣಿಗನ ಮಡಕೆಯಲ್ಲಿ ಎಪ್ಪತ್ತಿತ್ತು. ಅವನು ದೀಪ ಮೇಲಾಗಿ ಬಿಲ್ಲೆಗಳನ್ನು ಸಾಲಾಗಿ ಇಟ್ಟ.

"ಎಲ್ಲಾ ಮಗುಚಿ ಇಡಪ್ಪಾ," ಎಂದ ವ್ಯಾಪಾರಿ.

"ನಾನು ಎಣ್ಣೆಯೂರಿನವನು ಮಾರಾಯ. ನನ್ನ ಗಾಣದ ದುಡಿಮೆ ಇದು."

"ನೀನು ಎಣ್ಣೆಯೂರಿನವನೇ. ಬಿಲ್ಲೆ ಯಾವೂರಿಂದು ಅಂತ ನೋಡೋಣ."

ಹಿಂದಿನಿಂದ ಯಾರೋ "ಮಗುಚಿ ನೋಡ್ರಪ್ಪಾ!" ಎಂದು ಕೂಗಿದರು. ಜನ ನಕ್ಕರು. ಗಾಣಿಗ ಮೊದಲನೆಯದನ್ನು ಮಗುಚಿದ. ಉಪ್ಪಿನ ರಾಶಿ. ಎರಡನೆಯದು, ಉಪ್ಪಿನ ರಾಶಿ. ಮೂರನೆಯದು ಗಾಣ. ಆಮೇಲೆ ಮತ್ತೆ ಉಪ್ಪು, ಉಪ್ಪು, ಉಪ್ಪು. ಎಪ್ಪತ್ತರಲ್ಲಿ ಐವತ್ತೆರಡು ಉಪ್ಪಿನೂರಿನವು. ಎಲ್ಲವೂ ಹಳೆಯವು, ಮಳೆಗೆ ಎಷ್ಟೋ ಮೊದಲು ಹೊಡೆದವು, ಮಿತಿಯೊಳಗಿನವು. ಆದರೆ ಅವನು ಕೂಗಿದ ಮಾತಿನಲ್ಲಿ ಹಳತು ಹೊಸತು ಎಂಬ ಭೇದವಿರಲಿಲ್ಲ.

ಯಾಕೆ ಹೀಗಾಯಿತು ಎಂದು ಅವನಿಗೆ ಆಗ ಹೊಳೆಯಿತು. ಉಪ್ಪಿನ ಗದ್ದೆಯಲ್ಲಿ ದಿನವಿಡೀ ನಿಂತವರ ಕಾಲು ಒಡೆಯುತ್ತದೆ. ಸಂಜೆ ಎಣ್ಣೆ ಹಚ್ಚದಿದ್ದರೆ ಮರುದಿನ ನಿಲ್ಲಲಾಗುವುದಿಲ್ಲ. ಅವನ ಊರಿನಲ್ಲಿ ಮನೆಗೊಂದು ಗಾಣವಿತ್ತು, ಅಲ್ಲಿ ಅವನ ಎಣ್ಣೆ ಯಾರಿಗೆ ಬೇಕು? ಅವನ ಎಣ್ಣೆಯಲ್ಲಿ ಮುಕ್ಕಾಲು ಪಾಲು ಆ ಒಡೆದ ಕಾಲುಗಳಿಗೇ ಹೋಗುತ್ತಿತ್ತು. ಹದಿನೈದು ವರ್ಷ ಅವನಿಗೆ ಅದನ್ನು ತಿಳಿಯುವ ಅಗತ್ಯ ಬಿದ್ದಿರಲಿಲ್ಲ. ದೀಪ ನೋಡಿದ್ದ, ಒಳಗಿಟ್ಟಿದ್ದ.

ವ್ಯಾಪಾರಿ ಎತ್ತಿನ ಹಗ್ಗ ಬಿಚ್ಚಿಕೊಂಡು ಮುಂದೆ ನಡೆದ.

ಈ ಬಿಲ್ಲೆಗಳಿಗೆ ಉಪ್ಪನ್ನಾದರೂ ಕೊಂಡರೆ, ಆ ಉಪ್ಪನ್ನು ಕೊಟ್ಟು ಎತ್ತು ತರಬಹುದು ಎಂದು ಗಾಣಿಗ ಯೋಚಿಸಿದ. ಆ ಹೆಂಗಸು ಕೂರುತ್ತಿದ್ದ ಜಾಗಕ್ಕೆ ಓಡಿದ. ಅವಳಿರಲಿಲ್ಲ. ಉಪ್ಪಿನೂರಿನವರು ಯಾರೂ ಆ ವಾರ ಸಂತೆಗೆ ಬಂದಿರಲಿಲ್ಲ. ಅವರು ಮೂಟೆ ಇಳಿಸುತ್ತಿದ್ದ ಕಡೆ ನೆಲ ಬೆಳ್ಳಗಿತ್ತು, ಅಷ್ಟೇ. ಗಾಣಿಗ ಅಲ್ಲೇ ಕೂತು ಅತ್ತ. ಉಪ್ಪಿನೂರಿಗೆ ಒಂದು ದಿನದ ದಾರಿ, ನಡೆದು ಹೋಗಬಹುದಿತ್ತು. ಹೋಗಿ, ಆ ಹೆಂಗಸಿನ ಮುಂದೆ ಯಾವ ಮುಖ ಇಟ್ಟುಕೊಂಡು ಬಿಲ್ಲೆ ಚಾಚುವುದು? ಅವನು ಹೋಗಲಿಲ್ಲ.

ಮರುದಿನದಿಂದ ಗಾಣದ ನೊಗಕ್ಕೆ ತಾನೇ ಹೆಗಲು ಕೊಟ್ಟ. ಎತ್ತು ದಿನಕ್ಕೆ ತೆಗೆಯುತ್ತಿದ್ದ ಎಣ್ಣೆಗೆ ಅವನಿಗೆ ನಾಲ್ಕು ದಿನ ಬೇಕಾಯಿತು. ತೆಗೆದ ಎಣ್ಣೆ ಗಡಿಗೆಯಲ್ಲೇ ಉಳಿಯಿತು. ಕೊಳ್ಳುತ್ತಿದ್ದ ಕಾಲುಗಳು ಈಗ ಸಂತೆಗೆ ಬರುತ್ತಿರಲಿಲ್ಲ.

ಎಣ್ಣೆಯೂರಿನ ಜನ ಸಂಜೆ ಹೊತ್ತು ಅವನ ಗಾಣದ ಹತ್ತಿರ ಸೇರಿ ಅರಳಿಕಟ್ಟೆಯ ವಾದವನ್ನೇ ಚರ್ಚಿಸುತ್ತಿದ್ದರು. ನಮ್ಮವನೇ ಗೆದ್ದ ಎಂದು ಕೆಲವರು. ದನದೂರಿನವನ ಮಾತೂ ತೂಕವಾಗಿತ್ತು ಎಂದು ಕೆಲವರು. ತೀರ್ಮಾನವಾಗದೆ ಒಂದು ದಿನ ಗಾಣಿಗನನ್ನೇ ಕೇಳಿದರು, ಅವತ್ತು ಗೆದ್ದವರು ಯಾರು ಎಂದು. ಅವನು ನೊಗ ಹೊತ್ತುಕೊಂಡು ಆಚೆ ಬದಿಗೆ ತಿರುಗಿದ್ದ. ಸುತ್ತು ಮುಗಿಸಿ ಈಚೆ ಬಂದವನು ಮತ್ತೊಂದು ಸುತ್ತಿಗೆ ಹೊರಟ.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಇನ್ನೊಂದು ತುದಿಯಲ್ಲಿ ಪರ್ವತಯ್ಯ ಬೆಳಗಿನ ಅಂಬಲಿಯ ಹಂಡೆ ತಿಕ್ಕುತ್ತಿದ್ದ. ಸಿದ್ಧಮಲ್ಲ ಅವನ ಕಡೆ ಬೆನ್ನು ಮಾಡಿ ಕೂತಿದ್ದ. ಅವನಿಗೆ ಕತೆ ಹಿಡಿಸಿತ್ತು, ಆದರೆ ತೀರ್ಪು ಸಿಕ್ಕಿರಲಿಲ್ಲ.

"ಗಾಣಿಗ ದುಡುಕಿದ, ಒಪ್ಪಿದೆ ಬುದ್ಧಿ. ಆದರೆ ಉಪ್ಪಿನೂರಿನವರು ಮಿತಿ ಮೀರಿ ಬಿಲ್ಲೆ ಹೊಡೆಸಿದ್ದು ತಪ್ಪಲ್ಲವೇ?"

"ತಪ್ಪೇ," ಎಂದರು ಗುರುಗಳು.

ಸಿದ್ಧಮಲ್ಲನ ಮುಖ ಅರಳಿತು. "ಹಾಗಾದರೆ ನಮ್ಮ ಪಕ್ಷವೇ ಗೆದ್ದ ಹಾಗಾಯಿತು. ಪರ್ವತಯ್ಯನಿಗೆ ನೀವೇ ಒಂದು ಮಾತು ಹೇಳಬೇಕು."

ಗುರುಗಳು ಬತ್ತಿಯಿಂದ ಕಣ್ಣೆತ್ತಿ ಅವನನ್ನು ನೋಡಿದರು.

"ಬೆಳಗ್ಗೆ ಪರ್ವತಯ್ಯ ಅಂಬಲಿ ಬಡಿಸಲು ಬಂದಾಗ ನೀನು ನಿನ್ನ ಬಟ್ಟಲನ್ನು ಮಗುಚಿ ಇಟ್ಟೆಯಲ್ಲ, ಅದರ ತಳದಲ್ಲಿ ಯಾವ ದೇಶದ ಗುರುತು ಕಂಡಿತು?"