ಅಂಬಿಗ ಗುತ್ಯಪ್ಪನ ಸಿಟ್ಟು

ಹೊಳೆಗೆ ಸೇತುವೆ ಅನ್ನೋದೇ ಇಲ್ಲದ ಒಂದಾನೊಂದು ಕಾಲದಲ್ಲಿ ಗುತ್ಯಪ್ಪ ಅಂತ ಒಬ್ಬ ಅಂಬಿಗ ಇದ್ದನಂತೆ. ಹರಗೋಲಲ್ಲಿ ಜನರನ್ನ ಈ ದಡದಿಂದ ಆ ದಡಕ್ಕೆ ದಾಟಿಸೋದು ಅವನ ಕಸುಬು. ಎಂಥ ಸೆಳವಿದ್ರೂ ಒಬ್ಬರ ಸೆರಗೂ ನೆನೀದ ಹಾಗೆ ದಾಟಿಸ್ತಿದ್ದನಂತೆ. ಆದ್ರೆ ಸಿಟ್ಟು ಮಾತ್ರ ಮೂಗಿನ ತುದೀಲೇ. ಹತ್ತೋರು ಒಂಚೂರು ತಡ ಮಾಡಿದ್ರೂ ಬೈಗುಳ, ಕೂತೋರು ಅಲ್ಲಾಡಿದ್ರೂ ಬೈಗುಳ. ಬೈದಾದ ಮೇಲೆ ಅವನಿಗೇ ಬೇಜಾರು, ಛೆ, ಹಾಗನ್ನಬಾರದಿತ್ತು ಅಂದ್ಕೊಳ್ಳೋನು, ಮಾರನೇ ದಿನ ಮತ್ತೆ ಅದೇ.

ಅವನಿಗೆ ಸಾಕಮ್ಮ ಅಂತ ಹೆಂಡತಿ, ಗಿರಿಜಿ ಅಂತ ಐದು ವರ್ಷದ ಮಗಳು. ಒಂದಿನ ಗಿರಿಜಿ ಕೈ ತಪ್ಪಿ ಅಂಬಲಿ ಗಡಿಗೆ ಬೀಳಿಸಿಬಿಟ್ಟಳಂತೆ. ಅಪ್ಪ ಕೂಗಾಡಿದ ಕೂಗಾಟಕ್ಕೆ ಮಗು ಮೂಲೇಲಿ ಮುದುಡಿ ಕೂತಿತು. ಅವತ್ತಿಂದ ಅಪ್ಪ ಮನೇಲಿದ್ರೆ ಅದರ ಬಾಯಿಂದ ಒಂದು ಮಾತೂ ಹೊರಡ್ತಿರಲಿಲ್ಲವಂತೆ. ಎಂಟು ದಿನ ನೋಡಿದ ಸಾಕಮ್ಮ ಏನೂ ಹೇಳದೆ ಮಗೂನ ಕರ್ಕೊಂಡು ಆಚೆ ದಡದ ತವರಿಗೆ ಹೊರಟಳು. ದಾಟಿಸಿದ್ದೂ ಗುತ್ಯಪ್ಪನೇ.

ಆಮೇಲೆ ಹೊಳೆ ನೀರು ಮುಟ್ಟಿ ಆಣೆ ಮಾಡ್ದ, ಇನ್ನು ಈ ಜನ್ಮದಲ್ಲಿ ಸಿಟ್ಟು ಮಾಡಲ್ಲ ಅಂತ. ಮೂರು ದಿನ ಹಲ್ಲು ಕಚ್ಕೊಂಡಿದ್ದು ಅತ್ತೆ ಮನೆಗೆ ಹೋಗಿ, ನನ್ನ ಸಿಟ್ಟು ಪೂರ್ತಿ ಹೋಯ್ತು, ನಡಿ ಅಂದನಂತೆ. ಇನ್ನೊಂದಷ್ಟು ದಿನ ನೋಡೋಣ ಅಂದಳು ಸಾಕಮ್ಮ. ಅಷ್ಟಕ್ಕೇ ಅವನಿಗೆ ರೇಗಿಹೋಗಿ, ಅಂಗಳದಲ್ಲೇ ನಿಂತು ಓಣಿಗೆಲ್ಲ ಕೇಳೋ ಹಾಗೆ ಕೂಗಾಡಿ ಬಂದನಂತೆ.

ಆಮೇಲೆ, ಈ ಜನರಿಂದಲೇ ನನಗೆ ಸಿಟ್ಟು ಬರೋದು ಅಂದ್ಕೊಂಡು, ಹರಗೋಲು ದಡದ ಮೇಲೆ ಮಗುಚಿ ಹಾಕಿ, ಗುಡ್ಡ ಹತ್ತಿ ಒಬ್ಬನೇ ಕೂತನಂತೆ. ಇತ್ತ ಜನ ಹೊಳೆ ದಾಟೋಕಾಗದೆ ಎರಡು ದಿನದ ದಾರಿ ಸುತ್ತಿ ನಡೆದ್ರು. ಅವನು ಗೆಡ್ಡೆ ಗೆಣಸು ತಿಂದ್ಕೊಂಡು ಒಂದು ತಿಂಗಳು ಕಳೆದ. ಒಂದು ಸಲಾನೂ ಸಿಟ್ಟು ಬರಲಿಲ್ಲ. ಗೆದ್ದೆ ಅಂತ ಇಳಿದು, ಹೊಳೆ ದಾಟಿ ಅತ್ತೆ ಮನೆ ಜಗಲಿ ಮೇಲೆ ಕೂತ. ಅಷ್ಟರಲ್ಲಿ ಆ ಮನೆ ಆಡು ಅವನ ಹೆಗಲ ಮೇಲಿನ ವಸ್ತ್ರ ಎಳೆದು ಅಗಿಯೋಕೆ ಶುರು ಮಾಡ್ತು. ದೊಣ್ಣೆ ತಗೊಂಡು ಅರಚ್ತಾ ಅಂಗಳ ಪೂರ್ತಿ ಅದನ್ನ ಅಟ್ಟಾಡಿಸಿದನಂತೆ. ತಿರುಗಿ ನೋಡಿದ್ರೆ ಗಿರಿಜಿ ಬಾಗಿಲ ಹಿಂದೆ ಅವಿತ್ಕೊಂಡಿದ್ದಾಳೆ.

ಗುತ್ಯಪ್ಪ ಅಲ್ಲೇ ಕುಸಿದು ಕೂತ. ನಾನು ತಿದ್ಕೊಳ್ಳೋ ಆಸಾಮಿ ಅಲ್ಲ, ನನ್ನ ಆಸೆ ಬಿಟ್ಬಿಡಿ ಅಂತ ಅತ್ತನಂತೆ. ಅವನ ಅತ್ತೆ ಕರಿಯಮ್ಮ ಒಂದು ಚೊಂಬು ಮಜ್ಜಿಗೆ ತಂದು ಪಕ್ಕದಲ್ಲಿ ಕೂತಳು.

“ನೋಡಪ್ಪಾ, ನನಗೂ ನಿನ್ನ ಹಾಗೇ ಸಿಟ್ಟು. ಎಪ್ಪತ್ತು ವರ್ಷ ಆಯ್ತು, ಇನ್ನೂ ಹೋಗಿಲ್ಲ. ಮೊದಲು ದಿನಕ್ಕೆ ಹತ್ತು ಸಲ ಬರ್ತಿತ್ತು, ಈಗ ತಿಂಗಳಿಗೆ ಒಂದೆರಡು ಸಲ. ಬಂದಾಗ ಎದ್ದು ಆಚೆ ಹೋಗ್ತೀನಿ. ಬಾಯಿ ಮೀರಿ ಮಾತು ಬಂದ್ರೆ ಅವತ್ತೇ ಹೋಗಿ ತಪ್ಪಾಯ್ತು ಅಂತೀನಿ. ನೀನು ಒಂದೇ ಸಲಕ್ಕೆ ದೇವರಾಗೋಕೆ ಹೋಗ್ತೀಯ, ಆಗದಿದ್ರೆ ಎಲ್ಲಾ ಬಿಟ್ಟು ಕೂರ್ತೀಯ. ಮಜ್ಜಿಗೆ ಕುಡಿ, ಹೋಗಿ ಹರಗೋಲು ಹಾಕು.”

ಆಮೇಲೆ ಗುತ್ಯಪ್ಪ ಮತ್ತೆ ಹರಗೋಲು ಹಾಕಿದನಂತೆ. ಸಿಟ್ಟು ಏರಿದಾಗ ಮಾತಾಡದೆ, ಕೈ ನೀರಲ್ಲಿ ಇಳಿಬಿಟ್ಟು ಅದು ತಣ್ಣಗಾಗೋವರೆಗೂ ಕೂರೋನು. ಒಂದಿನ ನಡು ಹೊಳೇಲಿ ಒಬ್ಬ ಮುದುಕಿ, ಬಳೆ ಮಾರೋಳು, ಎದ್ದು ನಿಂತುಬಿಟ್ಟಳಂತೆ. ಹರಗೋಲು ವಾಲ್ತು. ಗುತ್ಯಪ್ಪ ಗದರಿಸಿದ ರಭಸಕ್ಕೆ ಮುದುಕಿ ಗಡಗಡ ನಡುಗಿದಳು. ದಡ ಮುಟ್ಟಿದ ಮೇಲೆ ಅವಳ ಬಳೆ ಮಲಾರದ ಗಂಟು ತನ್ನ ಹೆಗಲಿಗೇರಿಸ್ಕೊಂಡು ಅವಳ ಊರವರೆಗೂ ಹೋಗಿ, ತಪ್ಪಾಯ್ತಮ್ಮ ಅಂದನಂತೆ. ನಿಂತಿದ್ದು ನಾನಲ್ವಾ ಅಂದಳು ಮುದುಕಿ. ಕೂತ್ಕೊಳ್ಳಿ ಅನ್ನೋದನ್ನ ಬೈದು ಹೇಳಬೇಕಾಗಿರಲಿಲ್ಲ ಅಂದ ಇವನು.

ತಿಂಗಳಾದ ಮೇಲೆ ಮೂರನೇ ಸಲ ಅತ್ತೆ ಮನೆಗೆ ಹೋದನಂತೆ.

“ಸಿಟ್ಟು ಹೋಗಿಲ್ಲ ಸಾಕಮ್ಮ. ನಾಲ್ಕು ಸಲ ಬಂತು. ಎರಡು ಸಲ ತಡ್ಕೊಂಡೆ, ಎರಡು ಸಲ ಆಗಲಿಲ್ಲ. ಬೈಸ್ಕೊಂಡೋರ ಹತ್ರ ಹೋಗಿ ತಪ್ಪಾಯ್ತು ಅಂದು ಬಂದೆ.”

ಆಮೇಲೆ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವತ್ತು ಕೂಗಾಡಿದ್ದು ನನ್ನ ತಪ್ಪು ಕಣವ್ವ ಅಂದನಂತೆ. ಗಿರಿಜಿ ಅಮ್ಮನ ಸೀರೆ ಹಿಡ್ಕೊಂಡು ನಿಂತಿದ್ದಳು.

ಸಾಕಮ್ಮ ಅಂದಳಂತೆ, ಸಿಟ್ಟು ಹೋಯ್ತು ಅಂದಾಗ ನಾನು ನಂಬಲಿಲ್ಲ, ಈಗ ನಂಬ್ತೀನಿ. ನನ್ನಲ್ಲೂ ಒಂದು ಕೆಟ್ಟ ಗುಣ ಇದೆ, ನೋವಾದ್ರೆ ಬಾಯಿ ಬಿಟ್ಟು ಹೇಳಲ್ಲ, ಎದ್ದು ಹೋಗಿಬಿಡ್ತೀನಿ. ನಾನೂ ತಿದ್ಕೋಬೇಕು. ಅಷ್ಟು ಹೇಳಿ ಬಟ್ಟೆ ಗಂಟು ಕಟ್ಟಿದಳು.

ವಾಪಸು ಬರ್ತಾ ಗಿರಿಜಿ ಹರಗೋಲಿಂದ ಆಚೆ ಬಾಗಿದಳು. ಏಯ್ ಅಂತ ಗುತ್ಯಪ್ಪನ ದನಿ ಏರ್ತು. ತಟ್ಟನೆ ತಡ್ಕೊಂಡು, ಇತ್ತ ಸರ್ಕೋ ಕಂದ ಅಂದನಂತೆ. ಮಗು ಸರ್ಕೊಂಡು ಕೂತು, ಅವನ ಮುಖ ಒಂದು ಗಳಿಗೆ ನೋಡಿ, ಅಪ್ಪಯ್ಯ, ಮೀನು ನಿದ್ದೆ ಮಾಡ್ತವಾ ಅಂತ ಕೇಳ್ತಂತೆ. ಗೊತ್ತಿಲ್ಲವಲ್ಲ ಮಗಳೇ ಅಂದ.

ಆಮೇಲೂ ಅವನಿಗೆ ಸಿಟ್ಟು ಬರ್ತಿತ್ತಂತೆ, ವರ್ಷ ವರ್ಷ ಒಂದಿಷ್ಟು ಕಮ್ಮಿ. ಸಾಕಮ್ಮನೂ ಮನಸ್ಸಿಗೆ ನೋವಾದ್ರೆ ಬಾಯಿ ಬಿಟ್ಟು ಹೇಳೋದು ಕಲಿತಳು, ಕೆಲವು ದಿನ ಜಾಸ್ತೀನೇ ಹೇಳೋಳಂತೆ. ಹಾಗೇ ಮೂವರೂ ನೆಮ್ಮದಿಯಾಗಿ ಬಾಳಿದ್ರು. ಇಲ್ಲಿಗೆ ಕತೆ ಮುಗೀತು, ಹೊದ್ಕೊಂಡು ಮಲ್ಕೋ ಮಗಾ.