ಅಜ್ಜ ಕಂಡ ಕೆಂಪು

ಒಂದು ಕಾಡಿನಲ್ಲಿ, ಹಳ್ಳ ತಿರುಗುವ ಕಡೆ, ದೊಡ್ಡದೊಂದು ಅತ್ತಿಮರವಿತ್ತು. ಮರದ ಮೇಲೆ ಮುದಿ ಮುಸುವನೊಬ್ಬ ವಾಸವಾಗಿದ್ದ. ಮರದ ಕೆಳಗೆ ಚುಕ್ಕೆ ಜಿಂಕೆಗಳ ಹಿಂಡು ಮೇಯುತ್ತಿತ್ತು. ಮುಸುವನ ಮುಖ ಕಪ್ಪು, ಬಾಲ ಉದ್ದ, ಮಾತು ಕಡಿಮೆ. ಜಿಂಕೆಗಳು ಅವನನ್ನು ಅಜ್ಜ ಎಂದೇ ಕರೆಯುತ್ತಿದ್ದವು. ಹಿಂಡಿಗೆ ಹಿರಿಯಳು ಸುರಗಿ ಎಂಬ ಹೆಣ್ಣು ಜಿಂಕೆ.

ಅವರ ನಡುವೆ ಹಳೆಯ ಒಪ್ಪಂದವೊಂದಿತ್ತು. ಅಜ್ಜ ಮೇಲಿನಿಂದ ಹಣ್ಣು ಉದುರಿಸುತ್ತಿದ್ದ. ಹುಲಿ ಕಂಡರೆ ಖಕ್ ಖಕ್ ಎಂದು ಕೂಗುತ್ತಿದ್ದ. ಅವನು ನೀರು ಕುಡಿಯಲು ಇಳಿದಾಗ ಜಿಂಕೆಗಳು ಮೂಗೆತ್ತಿ, ಕಿವಿ ನಿಮಿರಿಸಿ ಸುತ್ತ ಕಾವಲು ನಿಲ್ಲುತ್ತಿದ್ದವು. ಒಪ್ಪಂದ ಯಾರ ಕಾಲದ್ದೋ ಯಾರಿಗೂ ನೆನಪಿರಲಿಲ್ಲ. ಆದರೆ ಎರಡು ಕಡೆಯವರೂ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಆದರೂ ಸುರಗಿಯ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಹಿಂದಿನ ವರ್ಷ ಮುಸ್ಸಂಜೆಯಲ್ಲಿ ಹುಲಿ ಅವಳ ಮರಿಯನ್ನು ಹೊತ್ತೊಯ್ದಿತ್ತು. ಅಂದು ಅಜ್ಜ ಕೂಗಿರಲಿಲ್ಲ. ಈ ವರ್ಷ ಇನ್ನೊಂದು ಮರಿ ಹುಟ್ಟಿತ್ತು, ಚಿಗುರಿ ಎಂದು ಅದರ ಹೆಸರು. ಅದರ ಕಾಲುಗಳು ಇನ್ನೂ ನಡುಗುತ್ತಿದ್ದವು. ಇದೊಂದನ್ನಾದರೂ ಉಳಿಸಿಕೊಳ್ಳಬೇಕು ಎಂಬುದನ್ನು ಬಿಟ್ಟರೆ ಸುರಗಿಗೆ ಬೇರೆ ಯೋಚನೆಯೇ ಇರಲಿಲ್ಲ.

ಆ ಕಾಡಿನಲ್ಲಿ ನರಿಯೊಂದಿತ್ತು. ಹುಲಿ ತಿಂದು ಬಿಟ್ಟದ್ದೇ ಅದರ ಊಟ. ಅಜ್ಜ ಕೂಗಿದರೆ ಹುಲಿಗೆ ಬೇಟೆಯಿಲ್ಲ, ಹುಲಿಗಿಲ್ಲದಿದ್ದರೆ ನರಿಗೂ ಇಲ್ಲ. ಒಂದು ದಿನ ಅದು ಬಾಲ ತಗ್ಗಿಸಿಕೊಂಡು, ಬಹಳ ಮರ್ಯಾದಸ್ಥನ ಹಾಗೆ ಸುರಗಿಯ ಹತ್ತಿರ ಬಂತು. ಅಷ್ಟು ದೂರದ ಹುಲಿ ಅಜ್ಜನಿಗೆ ಹೇಗೆ ಕಾಣುತ್ತದೆ ಎಂದು ವಿಚಾರಿಸಿತು.

ಹುಲಿಯ ಮೈ ಕೆಂಪು, ಹುಲ್ಲು ಹಸಿರು, ಅದಕ್ಕೇ ಕಾಣುತ್ತದಂತೆ ಎಂದಳು ಸುರಗಿ. ಅಜ್ಜ ಹೇಳಿದ್ದನ್ನು ಒಪ್ಪಿಸಿದಳು, ಅಷ್ಟೆ. ಕೆಂಪು ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ಜಿಂಕೆಗಳ ಕಣ್ಣಿಗೆ ಹುಲಿಯೂ ಹುಲ್ಲೂ ಒಂದೇ ಬಣ್ಣ.

"ಹುಲಿ ಹಿಂದೆನೇ ಓಡಾಡೋನು ನಾನು, ಸುರಗಕ್ಕ," ಎಂದಿತು ನರಿ. "ಅದರ ಬಣ್ಣ ಹುಲ್ಲಿನ ಬಣ್ಣನೇ. ಕೆಂಪು ಅನ್ನೋದೊಂದು ಇದ್ದಿದ್ರೆ, ಹೋದ ವರ್ಷ ನಿನ್ನ ಮರಿ ಹೋಗೋವಾಗ ಅಜ್ಜನಿಗೆ ಯಾಕೆ ಕಾಣಲಿಲ್ಲ?"

ಮಾತು ನಾಟಬೇಕಾದ ಕಡೆಯೇ ನಾಟಿತು. ಮಾರನೆಯ ದಿನ ಸುರಗಿ ಹಿಂಡನ್ನು ಸೇರಿಸಿದಳು.

ಜಿಂಕೆಗಳಲ್ಲಿ ಒಂದು ಕಟ್ಟಳೆಯಿತ್ತು. ತಕರಾರು ಬಂದರೆ ಎಲ್ಲರೂ ಸಾಲಾಗಿ ನಿಂತು ನೋಡಬೇಕು, ಹೆಚ್ಚು ಮಂದಿಗೆ ಕಂಡದ್ದೇ ನಿಜ. ನರಿ ಒಂದೇ ಗಾತ್ರದ ಎರಡು ಅತ್ತಿಗಳನ್ನು ಹಳ್ಳದ ಆಚೆ ಬಂಡೆಯ ಮೇಲಿಟ್ಟಿತು. ವಾಸನೆ ಈಚೆಗೆ ಬರುವಂತಿರಲಿಲ್ಲ. ಇದು ಕಣ್ಣಿನ ಪರೀಕ್ಷೆ, ಮೂಗಿಗೆ ಇಲ್ಲಿ ಕೆಲಸವಿಲ್ಲ ಎಂದಿತು. ಅಜ್ಜ ಕೊಂಬೆಯಿಂದಲೇ ನೋಡಿ, ಎಡಗಡೆಯದು ಕೆಂಪಗಿದೆ, ಹಣ್ಣು. ಬಲಗಡೆಯದು ಹಸಿರು, ಕಾಯಿ ಎಂದ. ಜಿಂಕೆಗಳು ಒಂದೊಂದಾಗಿ ಬಂದು ನೋಡಿದವು. ಎಲ್ಲಕ್ಕೂ ಎರಡೂ ಒಂದೇ ಥರ ಕಂಡವು. ಹಳ್ಳ ದಾಟಿ ಕಚ್ಚಿ ನೋಡೋಣ ಎಂದು ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ.

ಅಜ್ಜ ಸಿಟ್ಟಾಗಲಿಲ್ಲ. "ಬೆಳಕು ಎಲ್ಲರ ಮುಂದೆಯೂ ಒಂದೇ, ಮಗಳೇ," ಎಂದ. "ಕಣ್ಣು ತನ್ನ ಕೈಲಾದಷ್ಟನ್ನ ಹಿಡಿದು ತಲೆಗೆ ಕಳಿಸುತ್ತೆ. ತಲೆ ಅದಕ್ಕೊಂದು ಬಣ್ಣ ಕೊಡುತ್ತೆ. ನಿನ್ನ ಕಣ್ಣು ಹಿಡಿಯದೆ ಬಿಟ್ಟದ್ದನ್ನ ನನ್ನ ಕಣ್ಣು ಹಿಡಿಯುತ್ತೆ. ನನಗೆ ಒಂದೇ ಥರ ಕಾಣೋ ಎರಡು ಹೂವಲ್ಲಿ ಜೇನು ಒಂದನ್ನ ಬಿಟ್ಟು ಇನ್ನೊಂದಕ್ಕೇ ಹೋಗುತ್ತೆ. ಅದಕ್ಕೆ ಏನೋ ಕಂಡಿರಬೇಕು ಅಂದ್ಕೊಂಡೆ. ಜೇನು ಸುಳ್ಳು ಅನ್ನಲಿಲ್ಲ."

"ಹಾಗಾದ್ರೆ ನನ್ನ ಮರಿ ಹೋದಾಗ?" ಎಂದಳು ಸುರಗಿ.

ಅಜ್ಜ ತಲೆ ತಗ್ಗಿಸಿದ. "ಮುಸ್ಸಂಜೆ ನನ್ನ ಕಣ್ಣಿಗೆ ಎಲ್ಲಾ ಬೂದಿ. ಆಗ ನಾನು ಕುರುಡ, ಮಗಳೇ."

ನಿಜವನ್ನೇ ಹೇಳಿದ್ದ. ಹಿಂಡಿಗೆ ಅದು ನೆಪವಾಗಿ ಕೇಳಿಸಿತು. ಇನ್ನು ಈ ಮರದಲ್ಲಿರಬೇಡ ಎಂದು ಸುರಗಿಯೇ ಹೇಳಿದಳು. ಅಜ್ಜ ಇಳಿದು, ಹಳ್ಳ ದಾಟಿ, ಆಚೆ ದಡದ ಮತ್ತಿಮರ ಹತ್ತಿದ. ಅವನು ನೀರಿನಲ್ಲಿ ನಡೆಯುವಾಗ ಅಂದು ಯಾರೂ ಕಾವಲು ನಿಲ್ಲಲಿಲ್ಲ.

ಹದಿನೈದು ದಿನದಲ್ಲಿ ಹಿಂಡಿನ ಇಬ್ಬರು ಹುಲಿಪಾಲಾದರು. ಎರಡೂ ಸಲ ನಡುಹಗಲು. ಎರಡೂ ಸಲ ಆಚೆ ದಡದಿಂದ ಅಜ್ಜ ಗಂಟಲು ಹರಿಯುವಂತೆ ಕೂಗಿದ್ದ, ಯಾರೂ ಕದಲಿರಲಿಲ್ಲ. ನರಿ ಬಂದು ಕಣ್ಣೊರೆಸಿಕೊಂಡಿತು. ಅದರ ಹೊಟ್ಟೆ ಮಾತ್ರ ದುಂಡಗಾಗುತ್ತಿತ್ತು. ಆಸೆ ಎಷ್ಟು ಬೆಳೆಯಿತೆಂದರೆ, ಎರಡನೆಯ ಸಲ ಹುಲಿ ನೀರಿಗೆ ಹೋಗಿ ಬರುವಷ್ಟರಲ್ಲಿ ಅದರ ಬೇಟೆಗೇ ಬಾಯಿ ಹಾಕಿತ್ತು. ಹುಲಿ ಅದನ್ನು ಮರೆಯಲಿಲ್ಲ.

ಒಂದು ಬೆಳಿಗ್ಗೆ ಸುರಗಿ ಮರದ ಕೆಳಗೆ ಬಿದ್ದಿದ್ದ ಅತ್ತಿಯೊಂದನ್ನು ದುಃಖದಲ್ಲಿ ಮೂಸದೆಯೇ ಕಚ್ಚಿದಳು. ಬಾಯೆಲ್ಲ ಒಗರು, ತುಟಿಗೆಲ್ಲ ಹಾಲು ಮೆತ್ತಿತು. ಅವಳು ಅಗಿಯುವುದನ್ನು ನಿಲ್ಲಿಸಿದಳು. ಅಜ್ಜ ಉದುರಿಸಿದ ಹಣ್ಣು ಇಷ್ಟು ವರ್ಷದಲ್ಲಿ ಒಂದಾದರೂ ಒಗರಾಗಿತ್ತೇ? ಈ ಕೊಂಬೆಯಲ್ಲಿ ಕೂತು ಆ ಕೊಂಬೆಯ ಹಣ್ಣನ್ನು ಗುರುತಿಸಿ ಹಾರುತ್ತಿದ್ದ. ಮೂಸದೆ, ಮುಟ್ಟದೆ, ನೂರು ಕಾಯಿಗಳ ನಡುವಿನ ಹಣ್ಣು ಅವನಿಗೆ ಹೇಗೆ ಗೊತ್ತಾಗುತ್ತಿತ್ತು? ಪರೀಕ್ಷೆಯ ಉತ್ತರ ದಿನವೂ ತನ್ನ ಬಾಯಲ್ಲೇ ಇತ್ತಲ್ಲ ಎಂದು ಅವಳಿಗೆ ಹೊಳೆಯಿತು. ಸತ್ತ ಇಬ್ಬರ ಮುಖ ಕಣ್ಣ ಮುಂದೆ ಬಂತು.

ಆಗಲೇ ಆಚೆ ದಡದಿಂದ ಕೂಗು ಬಂತು. ಖಕ್. ಖಕ್.

ಚಿಗುರಿ ಎತ್ತರದ ಹುಲ್ಲಿನ ಕಡೆಗೆ ಹೋಗುತ್ತಿತ್ತು. ನೆರಳಿನಲ್ಲಿ ಮಲಗಿದ್ದ ನರಿ ಎದ್ದು, ಹುಲಿ ಎಲ್ಲಿದೆ ತೋರಿಸಿ ಎಂದು ನಕ್ಕಿತು. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು, ವಾಸನೆಯಿಲ್ಲ. ಸುರಗಿ ಕಣ್ಣು ಕೀಲಿಸಿ ನೋಡಿದಳು. ಹುಲ್ಲು, ಅದರಾಚೆ ಹುಲ್ಲು, ಬೇರೇನೂ ಇಲ್ಲ.

"ನನಗೆ ಕಾಣ್ತಿಲ್ಲ," ಎಂದಳು ಅವಳು. "ಅಜ್ಜನಿಗೆ ಕಾಣ್ತಿದೆ."

ನೆಲಕ್ಕೆ ಗೊರಸು ಬಡಿದಳು. ನುಗ್ಗಿ ಹೋಗಿ ಮರಿಯನ್ನು ಮೂತಿಯಿಂದ ತಿರುಗಿಸಿ ಹಳ್ಳಕ್ಕೆ ನೂಕಿದಳು. ಅವಳ ಬಾಲ ಮೇಲೆದ್ದದ್ದೇ ತಡ, ಹಿಂಡೆಲ್ಲ ನೀರಿಗೆ ಬಿತ್ತು.

ನರಿ ಓಡಲಿಲ್ಲ. ಅದು ಕೆಂಪನ್ನು ಎಂದೂ ಕಂಡಿರಲಿಲ್ಲ, ಅದರ ಕಣ್ಣೂ ಜಿಂಕೆಗಳ ಕಣ್ಣಿನಂಥದ್ದೇ. ಹೇಳುತ್ತಾ ಹೇಳುತ್ತಾ ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿತ್ತು. ಅಜ್ಜ ಅದನ್ನೂ ಕೂಗಿ ಕರೆದು, ಹಿಂದೆ ಬಾ ಎಂದ. ಇಲ್ಲಿ ಬರೀ ಹುಲ್ಲು, ಬಂದು ನೋಡಿ ಎನ್ನುತ್ತಾ ಅದು ನೇರ ಹುಲ್ಲಿನೊಳಕ್ಕೇ ನಡೆಯಿತು. ಹುಲ್ಲು ಎದ್ದು ನಿಂತಿತು. ಆಮೇಲೆ ನರಿಯ ದನಿ ಕೇಳಲಿಲ್ಲ.

ಸುರಗಿ ಮತ್ತಿಮರದ ಬುಡದಲ್ಲಿ ಮೊಣಕಾಲೂರಿದಳು. ತಪ್ಪಾಯಿತು ಎಂದಳು. ಅಜ್ಜ ಇಳಿದು ಬಂದ. ಹುಲಿ ದೂರ ಹೋದ ಮೇಲೆ ಅವನು ಅತ್ತಿಮರಕ್ಕೆಂದು ಹಳ್ಳ ದಾಟುವಾಗ ಹಿಂಡೆಲ್ಲ ಕಾವಲು ನಿಂತಿತು. ಹೋದ ಇಬ್ಬರು ಮಾತ್ರ ತಿರುಗಿ ಬರಲಿಲ್ಲ, ಅವರ ಜಾಗ ಸಾಲಿನಲ್ಲಿ ಹಾಗೇ ಖಾಲಿ ಇತ್ತು.

ಅಂದಿನಿಂದ ಒಪ್ಪಂದಕ್ಕೆ ಒಂದು ಮಾತು ಸೇರಿತು. ಹಗಲು ಅಜ್ಜನ ಕಣ್ಣು, ಮುಸ್ಸಂಜೆ ಸುರಗಿಯ ಕಣ್ಣು; ಬಣ್ಣ ಹಿಡಿಯದಿದ್ದರೂ ಮಬ್ಬಿನಲ್ಲಿ ಕದಲಿದ್ದನ್ನು ಜಿಂಕೆಯ ಕಣ್ಣು ಹಿಡಿಯುತ್ತದೆ. ಮೊದಲ ಸಂಜೆ ಕಾವಲು ನಿಂತಾಗ ಅವಳು ಕೇಳಿದಳು, "ಕೆಂಪು ಹೇಗಿರುತ್ತೆ, ಅಜ್ಜ?"

ಅಜ್ಜ ಕೆಳಗಿನ ಕೊಂಬೆಗೆ ಇಳಿದು ಕೂತ. "ಮಾಗಿದ ಅತ್ತಿ ಕಚ್ಚಿದಾಗ ನಿನ್ನ ನಾಲಿಗೆಗೆ ಆಗುತ್ತಲ್ಲ, ನನ್ನ ಕಣ್ಣಿಗೆ ಹಾಗಾಗುತ್ತೆ," ಎಂದ.

ಸುರಗಿ ತಲೆಯಾಡಿಸಿ, ಕಪ್ಪಾಗುತ್ತಿದ್ದ ಹುಲ್ಲಿನ ಕಡೆ ತಿರುಗಿ ನಿಂತಳು. ಚಿಗುರಿ ಅವಳ ಕಾಲ ಬುಡದಲ್ಲಿ ಮಲಗಿತ್ತು.

ನೀತಿ: ನಮ್ಮ ಕಣ್ಣಿಗೆ ಕಾಣದ್ದೆಲ್ಲ ಸುಳ್ಳಲ್ಲ, ತನಗೆ ಕಾಣದ್ದು ಇಲ್ಲವೇ ಇಲ್ಲ ಎಂದು ಲೋಕವನ್ನು ನಂಬಿಸಿದವನು ಕೊನೆಗೆ ಅದಕ್ಕೇ ಬಲಿಯಾಗುತ್ತಾನೆ.